ಶಾಕ್ ಬದಲಿಸಿದರೂ ‘ಲಟಕ್’ ನಿಲ್ಲಲಿಲ್ಲವೇ? ಮಾರುತಿ 800 ಮುಂಭಾಗದ ಸಸ್ಪೆನ್ಷನ್ ರಿಪೇರಿಯ ಒಳಗುಟ್ಟು

ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ

ಇವತ್ತಿನ ವಿಷಯ ಒಂದು ಸದ್ದು. ಹಂಪ್ ಇಳಿಸುವಾಗ ‘ಲಟಕ್’, ಗುಂಡಿಗೆ ಬಿದ್ದಾಗ ‘ಧಡ್’, ಸ್ಟೀರಿಂಗ್ ತಿರುಗಿಸುವಾಗ ‘ಟಕ್’. ಮನೆಯಲ್ಲಿ ಹಳೇ ಮಾರುತಿ 800 ಇಟ್ಟುಕೊಂಡಿರುವ ಎಲ್ಲರಿಗೂ ಈ ಸದ್ದಿನ ಪರಿಚಯ ಇದ್ದೇ ಇರುತ್ತೆ. ಅಪ್ಪನ ಕಾಲದ ಕಾರು, ಮಾರೋಕೆ ಮನಸ್ಸಿಲ್ಲ. ಗ್ಯಾರೇಜಿಗೆ ಕೊಟ್ಟರೆ ಶಾಕ್ ಬದಲಿಸುತ್ತಾರೆ, ಬಿಲ್ ಕೊಡುತ್ತಾರೆ. ಮನೆಗೆ ಬರುವ ದಾರಿಯ ಮೊದಲ ಹಂಪ್‌ನಲ್ಲೇ ಅದೇ ‘ಲಟಕ್’.

ಯಾಕೆ ಹೀಗಾಗುತ್ತೆ? ನಾನು ನೋಡಿರುವಂತೆ ಬಹಳ ಸಲ ತಪ್ಪು ಬಿಡಿಭಾಗದ್ದಲ್ಲ, ಕೆಲಸದ ಕ್ರಮದ್ದು. ಪತ್ತೆ ಮಾಡುವ ಮೊದಲೇ ಬದಲಿಸಲು ಶುರು ಮಾಡುತ್ತೇವೆ. ಇಲ್ಲ, ಸರಿಯಾದ ಭಾಗವನ್ನೇ ಬದಲಿಸಿ ತಪ್ಪು ರೀತಿಯಲ್ಲಿ ಬಿಗಿಯುತ್ತೇವೆ. ಇವತ್ತು ಆ ಕ್ರಮ ಏನು ಅಂತ ಒಂದೊಂದೇ ಹೆಜ್ಜೆಯಾಗಿ ನೋಡೋಣ. ಜೊತೆಗೆ, ಯಾವ ಸದ್ದಿಗೆ ಮುಂದಿನ ತಿಂಗಳವರೆಗೂ ಕಾಯಬಹುದು, ಯಾವ ಸದ್ದಿಗೆ ಇವತ್ತೇ ಕಾರು ನಿಲ್ಲಿಸಬೇಕು ಅನ್ನೋದನ್ನೂ ಹೇಳ್ತೀನಿ. ಇಡೀ ಸಂಚಿಕೆಯಲ್ಲಿ ಅದೊಂದನ್ನು ಮಾತ್ರ ನೆನಪಿಟ್ಟುಕೊಂಡರೂ ಸಾಕು.

800ರ ಮುಂದಿನ ಚಕ್ರ ನಿಂತಿರೋದು ಯಾವುದರ ಮೇಲೆ?

ಮೊದಲು ಸ್ವಲ್ಪ ಹಿನ್ನೆಲೆ. ಮೊದಲ ಮಾರುತಿ 800ರ ಕೀಲಿಯನ್ನು ಆಗಿನ ಪ್ರಧಾನಿ ಇಂದಿರಾ ಗಾಂಧಿ ಗ್ರಾಹಕರ ಕೈಗೆ ಕೊಟ್ಟಿದ್ದು 1983ರ ಡಿಸೆಂಬರ್ 14ರಂದು. ಮೊದಲ ಮಾಡೆಲ್‌ಗೆ ಎಸ್‌ಎಸ್80 ಅಂತ ಹೆಸರು. 1986ರಲ್ಲಿ ಬಾಡಿಯೇ ಬದಲಾಗಿ ಎರಡನೇ ಮಾಡೆಲ್ ಬಂತು. ನಮ್ಮ ರಸ್ತೆಗಳಲ್ಲಿ ಈಗಲೂ ಕಾಣೋದು ಹೆಚ್ಚಾಗಿ ಇದೇ. 2014ರ ಜನವರಿಯಲ್ಲಿ ತಯಾರಿಕೆ ನಿಂತಿತು. ಅಷ್ಟರಲ್ಲಿ 25 ಲಕ್ಷಕ್ಕೂ ಹೆಚ್ಚು ಕಾರುಗಳು ಕಾರ್ಖಾನೆಯಿಂದ ಹೊರಗೆ ಬಂದಿದ್ದವು. 796 ಸಿಸಿ, ಮೂರು ಸಿಲಿಂಡರ್, 12 ಇಂಚಿನ ಪುಟ್ಟ ಚಕ್ರ. ಚಕ್ರ ಚಿಕ್ಕದಾದಷ್ಟೂ ಗುಂಡಿ ದೊಡ್ಡದಾಗುತ್ತೆ. ದೊಡ್ಡ ಕಾರು ದಾಟಿಕೊಂಡು ಹೋಗುವ ಗುಂಡಿಗೆ 800 ಇಳಿದು ಹತ್ತುತ್ತೆ. ಆ ಪೆಟ್ಟನ್ನೆಲ್ಲ ತಿನ್ನೋದು ಮುಂದಿನ ಸಸ್ಪೆನ್ಷನ್.

ಈ ಕಾರಿನ ಮುಂಭಾಗದಲ್ಲಿ ಇರೋದು ಮ್ಯಾಕ್‌ಫರ್ಸನ್ ಸ್ಟ್ರಟ್. ಅರ್ಲ್ ಮ್ಯಾಕ್‌ಫರ್ಸನ್ ಅನ್ನೋ ಅಮೆರಿಕದ ಎಂಜಿನಿಯರ್ ರೂಪಿಸಿದ ವ್ಯವಸ್ಥೆ ಇದು. ಜನರಲ್ ಮೋಟಾರ್ಸ್‌ನಲ್ಲಿ ಅವರು ಕೆಲಸ ಮಾಡುತ್ತಿದ್ದ ಚಿಕ್ಕ ಕಾರಿನ ಯೋಜನೆ 1947ರಲ್ಲಿ ನಿಂತುಹೋಯಿತು. ಆಮೇಲೆ ಅವರು ಫೋರ್ಡ್ ಸೇರಿದರು. 1950ರಲ್ಲಿ ಇಂಗ್ಲೆಂಡಿನಲ್ಲಿ ಪರಿಚಯಿಸಿದ ಫೋರ್ಡ್ ಕಾನ್ಸಲ್ ಮತ್ತು ಜೆಫಿರ್ ಕಾರುಗಳಲ್ಲಿ ಈ ಸ್ಟ್ರಟ್ ಬಂತು. ಇವತ್ತು ಬೀದಿಯಲ್ಲಿ ಓಡಾಡುವ ಚಿಕ್ಕ ಕಾರುಗಳಲ್ಲಿ ಬಹುಪಾಲು ಇದೇ ವ್ಯವಸ್ಥೆ. ಅಂದರೆ ಇವತ್ತು ನಾನು ಹೇಳುವ ಪರೀಕ್ಷೆಗಳಲ್ಲಿ ಮುಕ್ಕಾಲು ಪಾಲು ನಿಮ್ಮ ಹೊಸ ಹ್ಯಾಚ್‌ಬ್ಯಾಕ್‌ಗೂ ಅನ್ವಯಿಸುತ್ತೆ.

ಸ್ಟ್ರಟ್ ಅಂದ್ರೆ ಒಂದು ಕಂಬ ಅಂತ ಅಂದುಕೊಳ್ಳಿ. ಕಂಬದೊಳಗೆ ಶಾಕ್ ಅಬ್ಸಾರ್ಬರ್, ಕಂಬದ ಸುತ್ತ ಕಾಯಿಲ್ ಸ್ಪ್ರಿಂಗ್. ಕಂಬದ ತಲೆ ಬಾನೆಟ್ ಒಳಗೆ ಕಾರಿನ ಬಾಡಿಗೆ ಸೇರಿಕೊಂಡಿದೆ. ಅಲ್ಲೊಂದು ರಬ್ಬರ್ ಮೌಂಟಿಂಗ್ ಮತ್ತು ಬೇರಿಂಗ್ ಇದೆ. ಸ್ಟೀರಿಂಗ್ ತಿರುಗಿಸಿದಾಗ ಇಡೀ ಕಂಬವೇ ತಿರುಗುವುದರಿಂದ ಆ ಬೇರಿಂಗ್ ಬೇಕು. ಕಂಬದ ಬುಡ ಚಕ್ರದ ನಕಲ್‌ಗೆ, ಅಂದರೆ ಚಕ್ರದ ಹಬ್ ಹಿಡಿದಿರುವ ದಪ್ಪ ಕಬ್ಬಿಣದ ತುಂಡಿಗೆ ಬೋಲ್ಟ್ ಆಗಿದೆ. ನಕಲ್‌ನ ಕೆಳಗೆ ಬಾಲ್ ಜಾಯಿಂಟ್. ಬಾಲ್ ಜಾಯಿಂಟನ್ನು ಹಿಡಿದುಕೊಂಡಿರೋದು ಲೋವರ್ ಆರ್ಮ್. ಲೋವರ್ ಆರ್ಮ್‌ನ ಇನ್ನೊಂದು ತುದಿ ರಬ್ಬರ್ ಬುಷ್ ಮೂಲಕ ಬಾಡಿಗೆ ಸೇರುತ್ತೆ.

ಈಗ ಒಂದು ಮುಖ್ಯ ವಿಷಯ. 800ರ ಲೋವರ್ ಆರ್ಮ್ ಒಂಟಿ ಕೋಲಿನ ಹಾಗಿದೆ. ಅದು ಚಕ್ರವನ್ನು ಎಡ-ಬಲಕ್ಕೆ ಹಿಡಿಯುತ್ತೆ, ಹಿಂದೆ-ಮುಂದೆ ಹಿಡಿಯಲ್ಲ. ಆ ಕೆಲಸ ಮಾಡೋದು ಸ್ಟೆಬಿಲೈಜರ್ ಬಾರ್. ಕಾರಿನ ಮುಂದೆ ಅಡ್ಡಡ್ಡಲಾಗಿ ಹೋಗಿ, ಎರಡೂ ಕಡೆ ಬಾಗಿ, ಲೋವರ್ ಆರ್ಮ್‌ಗೆ ಸೇರುವ ಕಬ್ಬಿಣದ ಸರಳು ಅದು. ಬೇರೆ ಎಷ್ಟೋ ಕಾರುಗಳಲ್ಲಿ ಈ ಬಾರ್‌ಗೆ ಒಂದೇ ಕೆಲಸ, ತಿರುವಿನಲ್ಲಿ ಕಾರು ವಾಲದಂತೆ ನೋಡಿಕೊಳ್ಳೋದು. 800ರಲ್ಲಿ ಅದಕ್ಕೆ ಎರಡು ಕೆಲಸ. ಬ್ರೇಕ್ ಹಿಡಿದಾಗ ಚಕ್ರ ಹಿಂದಕ್ಕೆ ಸರಿಯದಂತೆ ತಡೆಯೋದೂ ಇದೇ ಬಾರ್. ಹಾಗಾಗಿ ಬಾರ್‌ನ ತುದಿಯ ರಬ್ಬರ್ ಬುಷ್ ಸವೆದರೆ ಸದ್ದು ಬರೋದಷ್ಟೇ ಅಲ್ಲ, ಬ್ರೇಕ್ ಹಿಡಿದಾಗ ಚಕ್ರವೇ ಸ್ವಲ್ಪ ಜಾಗ ಬಿಡುತ್ತೆ.

ಎಲ್ಲಿಂದ ಅಂತ ಹುಡುಕಬೇಡಿ, ಯಾವಾಗ ಅಂತ ಕೇಳಿ

ಸದ್ದು ಕೇಳಿಸಿದ ತಕ್ಷಣ ನಾವು ಕೇಳೋ ಪ್ರಶ್ನೆ, “ಎಲ್ಲಿಂದ ಬರ್ತಿದೆ?” ಇದು ದಾರಿ ತಪ್ಪಿಸುವ ಪ್ರಶ್ನೆ. ಕಾರಿನ ಬಾಡಿ ಒಂದು ತಗಡಿನ ಡಬ್ಬಿ. ಒಂದು ಮೂಲೆಯಲ್ಲಿ ತಟ್ಟಿದರೆ ಇನ್ನೊಂದು ಮೂಲೆಯಲ್ಲಿ ಕೇಳಿಸುತ್ತೆ. ಎಡಗಡೆಯ ಬುಷ್ ಸದ್ದು ಡ್ರೈವರ್ ಕಾಲ ಬುಡದಲ್ಲೇ ಇದೆ ಅಂತ ಅನಿಸಬಹುದು. ಸರಿಯಾದ ಪ್ರಶ್ನೆ, “ಯಾವಾಗ ಬರ್ತಿದೆ?”

ಈ ಪಟ್ಟಿಯನ್ನು ಫೋನ್‌ನಲ್ಲಿ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ನಿಧಾನವಾಗಿ ಹೋಗುವಾಗ ಸಣ್ಣ ಸಣ್ಣ ಏರುಪೇರಿಗೆ ‘ಲಟಲಟ’ ಅಂದರೆ, ಮೊದಲ ಅನುಮಾನ ಸ್ಟೆಬಿಲೈಜರ್ ಬಾರ್ ಬುಷ್, ಲೋವರ್ ಆರ್ಮ್ ಬುಷ್ ಅಥವಾ ಸ್ಟ್ರಟ್ ಮೌಂಟಿಂಗ್ ಮೇಲೆ.

ಬ್ರೇಕ್ ಹಿಡಿದಾಗ ಒಂದು ಸಲ, ಕ್ಲಚ್ ಬಿಟ್ಟು ಹೊರಟಾಗ ಒಂದು ಸಲ ‘ಟಕ್’ ಅಂದರೆ, ಚಕ್ರ ಹಿಂದೆ-ಮುಂದೆ ಸರಿಯುತ್ತಿದೆ ಅಂತ ಅರ್ಥ. ಸ್ಟೆಬಿಲೈಜರ್ ಬಾರ್ ತುದಿಯ ಬುಷ್, ಅಥವಾ ಬಾರ್ ಅನ್ನು ಬಾಡಿಗೆ ಹಿಡಿದಿರುವ ಕ್ಲಾಂಪ್ ನೋಡಿ.

ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ‘ಟೊಯ್ಂಗ್’ ಅಂತ ಎಗರಿದರೆ, ಸ್ಟ್ರಟ್ ತಲೆಯ ಬೇರಿಂಗ್ ಹಿಡಿದುಕೊಂಡಿದೆ. ಸ್ಪ್ರಿಂಗ್ ಸರಾಗವಾಗಿ ತಿರುಗದೆ, ತಿರುಚಿಕೊಂಡು ಒಮ್ಮೆಲೇ ಬಿಡುತ್ತಿದೆ.

ಹಂಪ್ ಇಳಿದ ಮೇಲೂ ಮೂಗು ತೂಗಾಡುತ್ತಲೇ ಇದ್ದರೆ ಶಾಕ್ ಅಬ್ಸಾರ್ಬರ್ ಸೋತಿದೆ. ಇಲ್ಲಿ ಗಮನಿಸಿ, ಸೋತ ಶಾಕ್ ಮೊದಲು ತೋರಿಸೋದು ತೂಗಾಟವನ್ನು. ಸದ್ದು ಮಾತ್ರ ಇದೆ, ತೂಗಾಟ ಇಲ್ಲ ಅಂದ್ರೆ ಶಾಕ್ ಮೇಲೆ ಅನುಮಾನ ಪಡೋದು ಕೊನೆಗೆ.

ಇನ್ನು ಸಸ್ಪೆನ್ಷನ್‌ಗೆ ಸೇರದ ಮೂರು ಸದ್ದುಗಳಿವೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಕಾರು ಚಲಿಸುವಾಗ ‘ಕಟಕಟಕಟ’ ಅಂದರೆ ಅದು ಡ್ರೈವ್ ಶಾಫ್ಟ್‌ನ ಸಿವಿ ಜಾಯಿಂಟ್. ವೇಗ ಹೆಚ್ಚಿದಂತೆ ‘ಗುಂಯ್’ ಅನ್ನೋದು ಏರುತ್ತಾ, ತಿರುವಿನಲ್ಲಿ ಹೆಚ್ಚು-ಕಡಿಮೆ ಆದರೆ ಅದು ವೀಲ್ ಬೇರಿಂಗ್. ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಸ್ಟೀರಿಂಗ್ ನಡುಗಿದರೆ ಮೊದಲು ವೀಲ್ ಬ್ಯಾಲೆನ್ಸಿಂಗ್ ಮಾಡಿಸಿ. ಈ ಮೂರಕ್ಕೂ ಶಾಕ್ ಬದಲಿಸಿದರೆ ಹಣ ಹೋಗುತ್ತೆ, ಸದ್ದು ಹೋಗಲ್ಲ.

ಮನೆ ಮುಂದೆಯೇ ಮಾಡಬಹುದಾದ ಪರೀಕ್ಷೆಗಳು

ಶುರು ಮಾಡೋ ಮುಂಚೆ ಸುರಕ್ಷತೆ. ಸಮತಟ್ಟಾದ ಗಟ್ಟಿ ನೆಲ ಇರಲಿ. ಹ್ಯಾಂಡ್‌ಬ್ರೇಕ್ ಎಳೆಯಿರಿ, ಹಿಂದಿನ ಎರಡೂ ಚಕ್ರಕ್ಕೆ ಕಲ್ಲು ಕೊಡಿ. ಕಾರಿನ ಜೊತೆ ಬಂದ ಜಾಕ್ ಚಕ್ರ ಎತ್ತೋಕೆ ಮಾತ್ರ. ಅದನ್ನು ನಂಬಿ ಕಾರಿನ ಕೆಳಗೆ ತಲೆಯಿರಲಿ, ಕೈಯನ್ನೂ ಹಾಕಬೇಡಿ. ಕೆಳಗೆ ಹೋಗಬೇಕಾದರೆ ಜಾಕ್ ಸ್ಟ್ಯಾಂಡ್ ಇರಲೇಬೇಕು. ಇಟ್ಟಿಗೆ, ಹಾಲೋ ಬ್ಲಾಕ್ ಇಟ್ಟರೆ ಸಾಕು ಅನ್ನಬೇಡಿ. ಅವು ಭಾರಕ್ಕೆ ಒಮ್ಮೆಲೇ ಒಡೆಯುತ್ತವೆ.

ಮೊದಲನೇದು, ಟೈರ್. ಎರಡೂ ಕಡೆ ಗಾಳಿ ಸಮ ಇದೆಯಾ ನೋಡಿ. ಕಾರು ಒಂದು ಕಡೆ ಎಳೀತಿದೆ ಅನ್ನೋ ದೂರಿಗೆ ಎಷ್ಟೋ ಸಲ ಗಾಳಿಯೇ ಕಾರಣ. ಆಮೇಲೆ ಟೈರ್ ಮೇಲೆ ಅಂಗೈ ಸವರಿ. ಒಳ ಅಂಚು ಅಥವಾ ಹೊರ ಅಂಚು ಮಾತ್ರ ಸವೆದಿದ್ದರೆ ಚಕ್ರದ ಕೋನ ತಪ್ಪಿದೆ. ಒಂದು ದಿಕ್ಕಿಗೆ ಸವರಿದಾಗ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದ ಹಾಗಿದ್ದರೆ ಟೋ ತಪ್ಪಿದೆ. ಅಲ್ಲಲ್ಲಿ ಬಟ್ಟಲಿನ ಹಾಗೆ ತಗ್ಗು ಬಿದ್ದಿದ್ದರೆ ಶಾಕ್ ಸೋತು ಟೈರ್ ನೆಗೆಯುತ್ತಿದೆ, ಇಲ್ಲವೇ ಬ್ಯಾಲೆನ್ಸಿಂಗ್ ಇಲ್ಲ. ಟೈರ್ ಅನ್ನೋದು ಕಾರಿನ ಡೈರಿ ಇದ್ದ ಹಾಗೆ. ಕಳೆದ ಕೆಲವು ಸಾವಿರ ಕಿಲೋಮೀಟರಿನ ಕಥೆಯೆಲ್ಲ ಅದರಲ್ಲಿ ಬರೆದಿರುತ್ತೆ.

ಎರಡನೇದು, ಒತ್ತಿ ಬಿಡುವ ಪರೀಕ್ಷೆ. ಮುಂದಿನ ಮೂಲೆಯನ್ನು ಕೆಳಗೆ ಒತ್ತಿ ಬಿಡಿ. ಮೇಲೆ ಬಂದು ಒಮ್ಮೆ ಇಳಿದು ನಿಲ್ಲಬೇಕು. ಮೂರ್ನಾಲ್ಕು ಸಲ ಕುಣಿದರೆ ಶಾಕ್ ಮುಗಿದಿದೆ. ಆದರೆ ಈ ಪರೀಕ್ಷೆ ಪಾಸಾದರೆ ಶಾಕ್ ಚೆನ್ನಾಗಿದೆ ಅಂತ ಅರ್ಥವಲ್ಲ. ಅರ್ಧ ಸೋತ ಶಾಕ್ ಕೂಡ ಕೈ ಒತ್ತಡಕ್ಕೆ ಪಾಸಾಗಬಹುದು. ಸ್ಟ್ರಟ್ ಮೈಮೇಲೆ ಎಣ್ಣೆ ಇಳಿದಿದೆಯಾ ಅಂತಲೂ ನೋಡಿ. ಧೂಳು ಅಂಟಿದ ಮಸುಕು ಬೇರೆ, ಒದ್ದೆ ಹೊಳಪಿನ ಎಣ್ಣೆ ಬೇರೆ. ಎಣ್ಣೆ ಹರಿದಿದ್ದರೆ ಒಳಗಿನ ಸೀಲ್ ಹೋಗಿದೆ.

ಮೂರನೇದು, ಸ್ಟ್ರಟ್ ತಲೆ. ಎಂಜಿನ್ ಆಫ್ ಮಾಡಿ ಬಾನೆಟ್ ತೆಗೆಯಿರಿ. ಒಬ್ಬರು ಸ್ಟೀರಿಂಗ್ ಆಚೆ-ಈಚೆ ತಿರುಗಿಸಲಿ, ನೀವು ಸ್ಟ್ರಟ್ ತಲೆಯ ಮೇಲೆ ಬೆರಳಿಡಿ. ಸರಾಗವಾಗಿ ತಿರುಗಿದರೆ ಸರಿ. ಬೆರಳಿಗೆ ಕುಕ್ಕಿದ ಹಾಗೆ ಅನಿಸಿದರೆ ಬೇರಿಂಗ್ ಅಥವಾ ಮೌಂಟಿಂಗ್ ಹೋಗಿದೆ. ಸ್ಟ್ರಟ್ ಸುತ್ತಲಿನ ತಗಡನ್ನೂ ನೋಡಿ. ಬಿರುಕು, ಉಬ್ಬಿದ ಪೇಂಟ್, ತುಕ್ಕು ಇದೆಯಾ? ಇದರ ಬಗ್ಗೆ ಮುಂದೆ ಹೇಳ್ತೀನಿ.

ನಾಲ್ಕನೇದು, ಚಕ್ರ ಅಲ್ಲಾಡಿಸೋದು. ಒಂದು ಚಕ್ರವನ್ನು ನೆಲದಿಂದ ಎತ್ತಿ. ಚಕ್ರ ಒಂದು ಗಡಿಯಾರ ಅಂದುಕೊಳ್ಳಿ. 3 ಮತ್ತು 9 ಗಂಟೆಯ ಜಾಗದಲ್ಲಿ ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ. ‘ಟಕ್ ಟಕ್’ ಅಂತ ಆಟ ಸಿಕ್ಕಿದರೆ ಟೈ ರಾಡ್ ಎಂಡ್ ಅಥವಾ ಸ್ಟೀರಿಂಗ್ ರ್‍ಯಾಕ್ ಸವೆದಿದೆ. ಈಗ 12 ಮತ್ತು 6 ಗಂಟೆಯ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಇಲ್ಲಿ ಆಟ ಸಿಕ್ಕಿದರೆ ಬಾಲ್ ಜಾಯಿಂಟ್ ಇರಬಹುದು, ವೀಲ್ ಬೇರಿಂಗ್ ಕೂಡ ಇರಬಹುದು. ಎರಡರಲ್ಲಿ ಯಾವುದು? ಅದಕ್ಕೊಂದು ಹಳೇ ಉಪಾಯ ಇದೆ. ಇನ್ನೊಬ್ಬರಿಗೆ ಬ್ರೇಕ್ ಪೆಡಲ್ ಒತ್ತಿ ಹಿಡಿಯಲು ಹೇಳಿ, ಮತ್ತೆ ಅಲ್ಲಾಡಿಸಿ. ಬ್ರೇಕ್ ಹಿಡಿದಾಗ ಹಬ್ ಮತ್ತು ನಕಲ್ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಹಾಗಾಗಿ ನಡುವಿನ ಬೇರಿಂಗ್‌ನ ಆಟ ಕಾಣೆಯಾಗುತ್ತೆ. ಆಟ ನಿಂತರೆ ಬೇರಿಂಗ್. ಆಟ ಹಾಗೇ ಉಳಿದರೆ ಅನುಮಾನ ಬಾಲ್ ಜಾಯಿಂಟ್ ಅಥವಾ ಸ್ಟ್ರಟ್ ಕಡೆಗೆ. ಪೈಸೆ ಖರ್ಚಿಲ್ಲದ ಪರೀಕ್ಷೆ ಇದು. ಬೇಡದ ಬೇರಿಂಗ್ ಒಂದನ್ನು ಹಾಕಿಸೋದು ಇದರಿಂದ ತಪ್ಪುತ್ತೆ.

ಹೊಸ ಭಾಗ ಹಾಕಿದ ಮೇಲೂ ಸದ್ದು ಯಾಕೆ?

ನನ್ನ ಸ್ನೇಹಿತನೊಬ್ಬನ 800ರ ಕಥೆ ಹೇಳಿದರೆ ಇದು ಸುಲಭವಾಗಿ ಅರ್ಥ ಆಗುತ್ತೆ. ಅವರ ತಂದೆ ಕೊಂಡ ಕಾರು. ತಂದೆ ಈಗಿಲ್ಲ, ಕಾರಿದೆ. ‘ಟಕ್’ ಸದ್ದಿಗೆ ಮೊದಲು ಎರಡೂ ಶಾಕ್ ಬದಲಾಯ್ತು. ನಿಲ್ಲಲಿಲ್ಲ. ಎರಡೂ ಲೋವರ್ ಆರ್ಮ್ ಬದಲಾಯ್ತು. ಆಗಲೂ ನಿಲ್ಲಲಿಲ್ಲ. ಮೂರನೇ ಸಲ ಗ್ಯಾರೇಜಿನವರು, “ಸರ್, ಹಳೇ ಗಾಡಿ, ಇಷ್ಟು ಸದ್ದು ಇರುತ್ತೆ, ಕೊಟ್ಟುಬಿಡಿ” ಅಂದರು. ಅವನು ಗುಜರಿಗೆ ಕೊಡೋ ಯೋಚನೆಗೂ ಬಂದಿದ್ದ. “ಸದ್ದು ಯಾವಾಗ ಬರುತ್ತೆ?” ಅಂತ ನಾನು ಕೇಳಿದೆ. “ಸಿಗ್ನಲ್‌ನಲ್ಲಿ ನಿಲ್ಲಿಸುವಾಗ ಒಂದು ಸಲ, ಹೊರಡುವಾಗ ಒಂದು ಸಲ ಕಣೋ” ಅಂದ. ಬೇರೆ ಮೆಕ್ಯಾನಿಕ್ ಹತ್ತಿರ ಸ್ಟೆಬಿಲೈಜರ್ ಬಾರ್ ತುದಿ ಬಿಚ್ಚಿಸಿದಾಗ, ಹೊಸ ಆರ್ಮ್‌ಗೆ ಹಳೇ ಬುಷ್‌ಗಳನ್ನೇ ಮತ್ತೆ ಹಾಕಿದ್ದು ಕಂಡಿತು. ರಬ್ಬರ್ ಒಣಗಿ ತೂತು ದೊಡ್ಡದಾಗಿತ್ತು. ಇಡೀ ಕೆಲಸದಲ್ಲಿ ಎಲ್ಲಕ್ಕಿಂತ ಅಗ್ಗದ ಭಾಗ ಅದು. ಅದನ್ನು ಬದಲಿಸಿದ ಮೇಲೆ ಸದ್ದು ನಿಂತಿತು. ಕಾರು ಈಗಲೂ ಓಡುತ್ತಿದೆ.

ಇದರ ಹಾಗೆಯೇ ರಿಪೇರಿ ಆದ ಮೇಲೂ ತೊಂದರೆ ಕೊಡುವ ಇನ್ನೂ ಕೆಲವು ವಿಷಯಗಳಿವೆ.

ಎಲ್ಲಕ್ಕಿಂತ ಸಾಮಾನ್ಯವಾದದ್ದು, ಚಕ್ರ ನೇತಾಡುತ್ತಿರುವಾಗಲೇ ಲೋವರ್ ಆರ್ಮ್ ಬುಷ್‌ನ ಬೋಲ್ಟ್ ಪೂರ್ತಿ ಬಿಗಿಯೋದು. ಆ ಬುಷ್‌ನ ರಬ್ಬರ್, ನಡುವಿನ ಕಬ್ಬಿಣದ ಕೊಳವೆಗೆ ಅಂಟಿಕೊಂಡಿರುತ್ತೆ. ಬೋಲ್ಟ್ ಬಿಗಿದಾಗ ಆ ಕೊಳವೆ ಬಾಡಿಗೆ ಕಚ್ಚಿಕೊಂಡು ನಿಲ್ಲುತ್ತೆ. ಆಮೇಲೆ ಆರ್ಮ್ ಮೇಲೆ-ಕೆಳಗೆ ಆಡೋದು ರಬ್ಬರ್ ತಿರುಚಿಕೊಳ್ಳುವುದರಿಂದ. ಚಕ್ರ ನೇತಾಡುವಾಗ ಬಿಗಿದರೆ, ಕಾರು ನೆಲಕ್ಕಿಳಿದ ಕ್ಷಣದಿಂದಲೇ ರಬ್ಬರ್ ತಿರುಚಿಕೊಂಡ ಸ್ಥಿತಿಯಲ್ಲಿರುತ್ತೆ. ಒದ್ದೆ ಬಟ್ಟೆ ಹಿಂಡಿ ಹಿಡಿದ ಹಾಗೆ. ಕಾರು ಸ್ವಲ್ಪ ಎತ್ತರಕ್ಕೆ ನಿಲ್ಲುತ್ತೆ, ‘ಕಿರ್ರ್’ ಅನ್ನುತ್ತೆ, ಹೊಸ ಬುಷ್ ಬೇಗ ಹರಿಯುತ್ತೆ. ಸರಿಯಾದ ಕ್ರಮ ಏನಂದ್ರೆ, ಮೊದಲು ಬೋಲ್ಟ್ ಕೈಬಿಗಿ ಮಾಡಿ. ಕಾರಿನ ಭಾರ ಚಕ್ರದ ಮೇಲೆ ಬಿದ್ದ ಮೇಲೆ, ಮೂಗನ್ನು ನಾಲ್ಕೈದು ಸಲ ಒತ್ತಿ ಬಿಟ್ಟು, ಆಮೇಲೆ ಕೊನೆಯ ಬಿಗಿ ಕೊಡಿ. ಮ್ಯಾನುಯಲ್‌ನಲ್ಲಿರುವ ಟಾರ್ಕ್ ಅಳತೆಗೆ ಟಾರ್ಕ್ ರೆಂಚ್‌ನಲ್ಲೇ ಬಿಗಿದರೆ ಇನ್ನೂ ಒಳ್ಳೆಯದು.

ಎರಡನೇದು, ಸ್ಪ್ರಿಂಗ್ ಕೂತ ಜಾಗ. ಸ್ಪ್ರಿಂಗ್‌ನ ತುದಿ ಕೂರಲು ಕೆಳಗಿನ ತಟ್ಟೆಯಲ್ಲಿ ಒಂದು ಮೆಟ್ಟಿಲಿದೆ. ಅಲ್ಲಿ ಕೂರದಿದ್ದರೆ ಸ್ಪ್ರಿಂಗ್ ಆಗಾಗ ಜಾರಿ ‘ಟಣ್’ ಅನ್ನುತ್ತೆ. ಹಾಗೆಯೇ ಹಳೇ ಸ್ಟ್ರಟ್‌ನ ಬಂಪ್ ಸ್ಟಾಪರ್ ಮತ್ತು ಧೂಳಿನ ಬೂಟ್ ಪುಡಿಯಾಗಿದ್ದರೆ ಹೊಸದು ಹಾಕಬೇಕು. ಅವಿಲ್ಲದಿದ್ದರೆ ದೊಡ್ಡ ಗುಂಡಿಯಲ್ಲಿ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತೆ, ಧೂಳು ಸೇರಿ ಹೊಸ ಶಾಕ್‌ನ ಸೀಲ್ ಹೋಗುತ್ತೆ.

ಮೂರನೇದು, ಒಂದೇ ಕಡೆ ಶಾಕ್ ಬದಲಿಸೋದು. ಒಂದು ಹೊಸದು, ಒಂದು ಸೋತದ್ದು ಇದ್ದರೆ ಕಾರು ಎರಡೂ ಕಡೆ ಬೇರೆ ಬೇರೆ ಥರ ವರ್ತಿಸುತ್ತೆ. ಶಾಕ್ ಯಾವತ್ತೂ ಜೋಡಿ.

ನಾಲ್ಕನೇದು, ಅಲೈನ್‌ಮೆಂಟ್. ಸ್ಟ್ರಟ್ ಅಥವಾ ಟೈ ರಾಡ್ ಎಂಡ್ ಬಿಚ್ಚಿ ಹಾಕಿದ ಮೇಲೆ ವೀಲ್ ಅಲೈನ್‌ಮೆಂಟ್ ಕಡ್ಡಾಯ ಅಂದುಕೊಳ್ಳಿ. ಇಲ್ಲೊಂದು ಸೂಕ್ಷ್ಮ ಇದೆ. 800ರ ಮುಂದಿನ ಚಕ್ರಗಳಲ್ಲಿ ಹೊಂದಿಸಲು ಬರೋದು ಟೋ ಮಾತ್ರ, ಅಂದರೆ ಚಕ್ರಗಳು ಮುಂದೆ ನೋಡುವ ದಿಕ್ಕು. ಚಕ್ರ ಒಳಗೆ-ಹೊರಗೆ ವಾಲುವ ಕೋನ, ಅಂದರೆ ಕ್ಯಾಂಬರ್ ಹೊಂದಿಸಲು ಈ ಕಾರಿನಲ್ಲಿ ವ್ಯವಸ್ಥೆ ಇಲ್ಲ. ಪ್ರಿಂಟ್‌ಔಟ್‌ನಲ್ಲಿ ಕ್ಯಾಂಬರ್ ತಪ್ಪಾಗಿ ಬಂದರೆ ಏನೋ ಬಾಗಿದೆ ಅಥವಾ ಸವೆದಿದೆ ಅಂತ ಅರ್ಥ. ಸ್ಟ್ರಟ್, ಆರ್ಮ್, ನಕಲ್ ಇರಬಹುದು, ಬಾಡಿಯೂ ಇರಬಹುದು. ಅದನ್ನು ಹುಡುಕಬೇಕು. ಸವೆದ ಬಾಲ್ ಜಾಯಿಂಟ್ ಇಟ್ಟುಕೊಂಡು ಅಲೈನ್‌ಮೆಂಟ್ ಮಾಡಿಸಿದರೆ, ಆ ಲೆಕ್ಕ ಅಂಗಡಿ ಬಾಗಿಲು ದಾಟುವವರೆಗೂ ನಿಲ್ಲಲ್ಲ.

ಐದನೇದು, ಬಿಡಿಭಾಗದ ಗುರುತು. ಎಸ್‌ಎಸ್80 ಮತ್ತು 1986ರ ನಂತರದ ಮಾಡೆಲ್ ಎರಡನ್ನೂ ‘800’ ಅಂತಲೇ ಕರೀತಾರೆ. ಹಾಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಕೇಳುವಾಗ “800ರದ್ದು ಕೊಡಿ” ಅಂದರೆ ಸಾಲದು. ತಯಾರಾದ ವರ್ಷ ಹೇಳಿ, ಆರ್‌ಸಿ ತೋರಿಸಿ, ಸಾಧ್ಯವಾದರೆ ಬಿಚ್ಚಿದ ಹಳೇ ಭಾಗವನ್ನೇ ತೆಗೆದುಕೊಂಡು ಹೋಗಿ ಪಕ್ಕದಲ್ಲಿಟ್ಟು ನೋಡಿ. ಉದ್ದ, ತೂತಿನ ಅಳತೆ, ಬುಷ್‌ನ ದಪ್ಪ ಎಲ್ಲ ಕೂಡಬೇಕು. ರಬ್ಬರ್ ಉಗುರಿಗೆ ಸ್ವಲ್ಪ ಮಣಿಯಬೇಕು. ವರ್ಷಗಟ್ಟಲೆ ಡಬ್ಬಿಯಲ್ಲಿ ಕೂತು ಕಲ್ಲಾದ ಬುಷ್ ಹೊಸದಾದರೂ ಹಳೆಯದೇ.

ಯಾವ ಸದ್ದಿಗೆ ಕಾಯಬಾರದು?

ಈಗ ಮೊದಲೇ ಹೇಳಿದ ಮುಖ್ಯ ಮಾತಿಗೆ ಬರೋಣ. ಬುಷ್ ಸವೆದ ಸದ್ದು, ಸ್ಟ್ರಟ್ ಬೇರಿಂಗ್ ಸದ್ದು ಕಿರಿಕಿರಿ ಕೊಡುತ್ತವೆ. ಜಾಸ್ತಿ ದಿನ ಬಿಡಬಾರದು, ಆದರೆ ನಿಧಾನವಾಗಿ ಓಡಿಸಿಕೊಂಡು ಸಂಬಳದ ದಿನದವರೆಗೂ ಕಾಯಬಹುದು. ಬ್ರೇಕ್ ಹಿಡಿದಾಗ ಕಾರು ಪಕ್ಕಕ್ಕೆ ಎಳೆಯೋಕೆ ಶುರುವಾದರೆ ಆ ರಿಯಾಯಿತಿಯೂ ಇಲ್ಲ.

ಆದರೆ ನಾಲ್ಕು ವಿಷಯಗಳಿಗೆ ಕಾಯೋ ಹಾಗೇ ಇಲ್ಲ. ಒಂದು, ಆಟ ಬಂದಿರುವ ಬಾಲ್ ಜಾಯಿಂಟ್. ಅದು ಕಳಚಿಕೊಂಡರೆ ಚಕ್ರದ ಬುಡಕ್ಕೆ ಹಿಡಿತವೇ ಇರಲ್ಲ, ಚಕ್ರ ಹೊರಕ್ಕೆ ಮಡಚಿಕೊಳ್ಳುತ್ತೆ, ಮೂಗು ನೆಲಕ್ಕೆ ಕುಸಿಯುತ್ತೆ. ಎರಡು, ಆಟ ಬಂದಿರುವ ಟೈ ರಾಡ್ ಎಂಡ್. ಅದು ಬಿಟ್ಟುಕೊಂಡರೆ ಆ ಕಡೆಯ ಚಕ್ರ ಸ್ಟೀರಿಂಗ್ ಮಾತು ಕೇಳಲ್ಲ. ಮೂರು, ಕ್ಯಾಸಲ್ ನಟ್ ಇರುವ ಜಾಗದಲ್ಲಿ ಸ್ಪ್ಲಿಟ್ ಪಿನ್ ಇಲ್ಲದಿರೋದು. ಚಿಕ್ಕ ತಂತಿ ತುಂಡು ಅಂತ ಬಿಟ್ಟುಬಿಡಬೇಡಿ. ನಡುಗಿ ನಡುಗಿ ನಟ್ ಬಿಚ್ಚಿಕೊಳ್ಳದಂತೆ ತಡೆಯೋದೇ ಅದರ ಕೆಲಸ. ಬಿಚ್ಚಿದಾಗಲೆಲ್ಲ ಹೊಸ ಪಿನ್ ಹಾಕಬೇಕು. ನಾಲ್ಕು, ತಿರುಚಿಕೊಂಡ ಅಥವಾ ಟೈರ್‌ಗೆ ಉಜ್ಜುವ ಬ್ರೇಕ್ ಹೋಸ್. ಸ್ಟ್ರಟ್ ಬಿಚ್ಚಿ ಹಾಕುವಾಗ ಹೋಸ್ ಕ್ಲಿಪ್ ಮರೆತುಹೋಗಬಹುದು. ರಿಪೇರಿ ಮುಗಿದ ಮೇಲೆ ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಹೋಸ್ ಎಲ್ಲಿಯೂ ತಾಗುತ್ತಿಲ್ಲ, ಎಳೆದುಕೊಳ್ಳುತ್ತಿಲ್ಲ ಅಂತ ಕಣ್ಣಾರೆ ನೋಡಿ.

ಯೂಟ್ಯೂಬ್ ನೋಡಿ ಮನೆಯಲ್ಲೇ ಮಾಡ್ತೀನಿ ಅನ್ನೋ ಹುಡುಗ-ಹುಡುಗಿಯರಿಗೆ ಒಂದು ಕಟ್ಟುನಿಟ್ಟಿನ ಮಾತು. ಸ್ಟ್ರಟ್ ತಲೆಯ ನಡುವಿನ ನಟ್ ಇದೆಯಲ್ಲ, ಸ್ಪ್ರಿಂಗನ್ನು ಕಂಪ್ರೆಸರ್‌ನಿಂದ ಕುಗ್ಗಿಸದೆ ಅದನ್ನು ಬಿಚ್ಚಲೇಬೇಡಿ. ಕಾರಿನ ಮೂಲೆಯನ್ನೇ ಹೊತ್ತು ನಿಲ್ಲುವ ಸ್ಪ್ರಿಂಗ್ ಅದು, ಬಿಟ್ಟುಕೊಂಡರೆ ಬಾಣದ ಹಾಗೆ ಹಾರುತ್ತೆ. ಮುಖ ಒಡೆಯಬಹುದು, ಜೀವವೇ ಹೋಗಬಹುದು. ಹಗ್ಗ ಕಟ್ಟಿ, ತಂತಿ ಸುತ್ತಿ ಮಾಡುವ ಕೆಲಸ ಅಲ್ಲ. ಪರೀಕ್ಷೆ ನೀವು ಮಾಡಿ, ಸ್ಪ್ರಿಂಗ್ ಕೆಲಸ ಸಲಕರಣೆ ಇರುವವರಿಗೆ ಬಿಡಿ.

ತುಕ್ಕು: ಕಾರು ಉಳಿಸೋದಾ, ಬಿಡೋದಾ?

ಇಷ್ಟು ಹೊತ್ತು ಮಾತಾಡಿದ ಭಾಗಗಳೆಲ್ಲ ಬದಲಿಸಬಹುದಾದವು. ಬದಲಿಸಲಾಗದ್ದು ಒಂದೇ, ಬಾಡಿ. 800ಕ್ಕೆ ಲಾರಿಯ ಹಾಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಸ್ಟ್ರಟ್ ತಲೆ ಸೇರುವ ತಗಡು, ಲೋವರ್ ಆರ್ಮ್ ಸೇರುವ ಬ್ರಾಕೆಟ್, ಸ್ಟೆಬಿಲೈಜರ್ ಬಾರ್ ಕ್ಲಾಂಪ್ ಇರುವ ಜಾಗ ಗಟ್ಟಿಯಾಗಿದ್ದರೆ ಮಾತ್ರ ಹೊಸ ಭಾಗಗಳಿಗೆ ಅರ್ಥ. ಮಂಗಳೂರು, ಉಡುಪಿ, ಕಾರವಾರದ ಕಡೆ ಓಡಿದ ಕಾರಾದರೆ ಉಪ್ಪು ಗಾಳಿ ಮತ್ತು ಮಳೆ ಸೇರಿ ಈ ಜಾಗಗಳನ್ನು ತಿಂದಿರುವ ಸಾಧ್ಯತೆ ಹೆಚ್ಚು. ಹಳೇ 800 ಕೊಳ್ಳೋಕೆ ಹೊರಟವರೂ ಪೇಂಟ್ ಹೊಳಪಿಗಿಂತ ಮೊದಲು ಇಲ್ಲಿ ನೋಡಬೇಕು.

ಸ್ಕ್ರೂಡ್ರೈವರ್ ತುದಿಯಿಂದ ಮೆಲ್ಲಗೆ ಒತ್ತಿ. ಮೇಲ್ಮೈ ತುಕ್ಕಾದರೆ ಉಜ್ಜಿ, ಪ್ರೈಮರ್ ಹೊಡೆದು ಉಳಿಸಬಹುದು. ತುದಿ ಒಳಗೆ ಹೋದರೆ ಅಥವಾ ಸ್ಟ್ರಟ್ ತಲೆಯ ಸುತ್ತ ಬಿರುಕು ಕಂಡರೆ, ಶಾಕ್‌ಗೆ ಹಣ ಹಾಕುವ ಮೊದಲು ಒಳ್ಳೆ ಬಾಡಿ ವರ್ಕ್‌ಶಾಪಿಗೆ ತೋರಿಸಿ. ಕೊಳೆತ ತಗಡು ಕತ್ತರಿಸಿ, ಸರಿಯಾದ ದಪ್ಪದ ಹೊಸ ತಗಡು ವೆಲ್ಡ್ ಮಾಡಲು ಆಗುತ್ತಾ ಅಂತ ಕೇಳಿ. ಪುಟ್ಟಿ ತುಂಬಿ ಬಣ್ಣ ಬಳಿದರೆ ಕಣ್ಣಿಗೆ ಚಂದ, ಆದರೆ ಸ್ಟ್ರಟ್‌ನ ಪೆಟ್ಟನ್ನು ಪುಟ್ಟಿ ತಡೆಯಲ್ಲ.

ಇದಕ್ಕೆ ಕಾನೂನಿನ ಮುಖವೂ ಇದೆ. ಸ್ವಂತ ಬಳಕೆಯ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ತಪಾಸಣೆ ಪಾಸಾದರೆ 5 ವರ್ಷಕ್ಕೊಮ್ಮೆ ನವೀಕರಣ. 2014ರ ಆರಂಭದಲ್ಲಿ ರಸ್ತೆಗಿಳಿದ ಕೊನೆಯ 800ಗಳಿಗೂ 2029ಕ್ಕೆ 15 ತುಂಬುತ್ತೆ. ಆಟ ಬಂದ ಸ್ಟೀರಿಂಗ್, ಕೊಳೆತ ಬಾಡಿ ಇಟ್ಟುಕೊಂಡು ತಪಾಸಣೆಗೆ ಹೋಗೋದಕ್ಕಿಂತ ಮೊದಲೇ ನೋಡಿಕೊಳ್ಳೋದು ವಾಸಿ.

ಗ್ಯಾರೇಜಿನಲ್ಲಿ ಏನು ಹೇಳಬೇಕು?

ಕೊನೆಯದಾಗಿ, ಮೆಕ್ಯಾನಿಕ್ ಹತ್ತಿರ ಮಾತಾಡೋ ರೀತಿ. “ಅಣ್ಣಾ, ಶಾಕ್ ಹೋಗಿದೆ, ಬದಲಿಸಿ” ಅಂತ ನೀವೇ ತೀರ್ಪು ಕೊಟ್ಟರೆ ಅವರು ಶಾಕ್ ಬದಲಿಸುತ್ತಾರೆ. ಅದು ಅವರ ತಪ್ಪಲ್ಲ. ಬದಲಿಗೆ, “ಅಣ್ಣಾ, ಬ್ರೇಕ್ ಹಿಡಿದಾಗ ಎಡಗಡೆ ಒಂದು ಸಲ ಟಕ್ ಅನ್ನುತ್ತೆ, ಒಂದು ರೌಂಡ್ ಹೋಗಿ ಬರೋಣ್ವಾ?” ಅನ್ನಿ. ಸದ್ದು ಬರುವ ಹಂಪ್‌ಗೇ ಕರೆದುಕೊಂಡು ಹೋಗಿ. ಫೋನ್‌ನಲ್ಲಿ ಸದ್ದು ರೆಕಾರ್ಡ್ ಮಾಡಿದ್ದರೆ ಕೇಳಿಸಿ. ಬಿಚ್ಚಿದ ಹಳೇ ಭಾಗ ವಾಪಸ್ ಕೇಳಿ, ಎಲ್ಲಿ ಸವೆದಿದೆ ಅಂತ ತೋರಿಸಲು ಹೇಳಿ. ಸುರಕ್ಷತೆಯ ವಿಷಯ ಅಲ್ಲದಿದ್ದರೆ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿಸಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಸದ್ದು ನಿಂತರೂ ಯಾವುದರಿಂದ ನಿಂತಿತು ಅಂತ ಗೊತ್ತಾಗಲ್ಲ. “ಬುಷ್ ಬೋಲ್ಟ್ ಗಾಡಿ ಕೆಳಗಿಳಿಸಿದ ಮೇಲೆ ಟೈಟ್ ಮಾಡ್ತೀರಲ್ಲ?” ಅಂತಲೂ ಮೆಲ್ಲಗೆ ಕೇಳಿ. ಒಳ್ಳೆ ಮೆಕ್ಯಾನಿಕ್ ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳಲ್ಲ, ನಗ್ತಾರೆ.

ಇನ್ನೊಂದು ಅಭ್ಯಾಸ. ಯಾವ ದಿನ, ಎಷ್ಟು ಕಿಲೋಮೀಟರಿಗೆ, ಯಾವ ಭಾಗ ಬದಲಾಯ್ತು ಅಂತ ಫೋನ್‌ನ ನೋಟ್ಸ್‌ನಲ್ಲಿ ಬರೆದಿಡಿ. ಮುಂದಿನ ಸಲ ಸದ್ದು ಬಂದಾಗ ಅರ್ಧ ಪತ್ತೇದಾರಿ ಕೆಲಸ ಅಲ್ಲೇ ಮುಗಿದಿರುತ್ತೆ.

800 ಸರಳವಾದ ಕಾರು. ಸೆನ್ಸರ್ ನೋಡಿ ಹೇಳುವ ವಿಷಯ ಅದರ ಸಸ್ಪೆನ್ಷನ್‌ನಲ್ಲಿ ಒಂದೂ ಇಲ್ಲ. ಕಣ್ಣು, ಕಿವಿ, ಕೈ ಮತ್ತು ಸ್ವಲ್ಪ ತಾಳ್ಮೆ ಇದ್ದರೆ ಅದು ತನ್ನ ಕಷ್ಟವನ್ನು ತಾನೇ ಹೇಳುತ್ತೆ. ಈ ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಟೈರ್ ಸವರಿ ನೋಡಿ, ಬಾನೆಟ್ ತೆಗೆದು ಸ್ಟ್ರಟ್ ತಲೆ ನೋಡಿ, ಚಕ್ರ ಎತ್ತಿ ಅಲ್ಲಾಡಿಸಿ ನೋಡಿ. ಹಣ ಬಿಚ್ಚೋದು ಆಮೇಲೆ.

ಇವತ್ತಿಗೆ ಇಷ್ಟು. ಈ ಸಂಚಿಕೆಯನ್ನು ಹಳೇ ಕಾರು ಇಟ್ಟುಕೊಂಡಿರುವ ನಿಮ್ಮ ಸ್ನೇಹಿತರಿಗೆ, ಮಾವನಿಗೆ, ಚಿಕ್ಕಪ್ಪನಿಗೆ ಕಳಿಸಿ.